ಪೀಣ್ಯದ ಒಂದು ವರ್ಕ್‌ಶಾಪ್‌ಗೆ ರಕ್ಷಣಾ ಆರ್ಡರ್ ಸಿಗುವುದು ಹೇಗೆ?

ಟೆಂಡರ್ ಪ್ರಕಟವಾದ ದಿನದಿಂದ ಬಿಡ್ ಹಾಕುವ ಕೊನೆಯ ದಿನದವರೆಗೆ ಸಾಮಾನ್ಯವಾಗಿ ಮೂರು ವಾರ ಸಿಗುತ್ತದೆ. ಅಷ್ಟರಲ್ಲಿ ಡ್ರಾಯಿಂಗ್ ಓದಬಹುದು, ರೇಟ್ ಹಾಕಬಹುದು, ಕಾಗದಪತ್ರ ಸ್ಕ್ಯಾನ್ ಮಾಡಬಹುದು. ವಿಮಾನದ ಭಾಗ ಮಾಡುವವರಿಗೆ ಬೇಕಾದ ಎಎಸ್9100 ಎಂಬ ಗುಣಮಟ್ಟದ ಸರ್ಟಿಫಿಕೇಟ್ ತರಲು ಆಗುವುದಿಲ್ಲ. ವೆಂಡರ್ ನೋಂದಣಿ ಮುಗಿಯುವುದಿಲ್ಲ. ಹಿಂದೆ ಇಂಥ ಕೆಲಸ ಮಾಡಿದ್ದೇವೆ ಎಂದು ತೋರಿಸಲು ಹಳೇ ಪರ್ಚೇಸ್ ಆರ್ಡರ್ ಹುಟ್ಟಿಸಲಂತೂ ಸಾಧ್ಯವೇ ಇಲ್ಲ.

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬಿಡ್ ತಯಾರು ಮಾಡಿಕೊಡುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಬರುತ್ತಿದ್ದ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಸಾರ್, ಒಂದು ಡಿಫೆನ್ಸ್ ಟೆಂಡರ್ ಬಂದಿದೆ. ಇನ್ನು ಹನ್ನೆರಡು ದಿನ ಇದೆ. ಹಾಕೋಣ್ವಾ?" ಹಾಕಬಹುದು ಸಾರ್, ಗೆಲ್ಲೋದು ಕಷ್ಟ ಅನ್ನುತ್ತಿದ್ದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುವ ಮಾತನ್ನು ಎಲ್ಲೆಲ್ಲೋ ಬಳಸುತ್ತೇವೆ. ನಿಜವಾಗಿ ಶಸ್ತ್ರಾಸ್ತ್ರದ ಬಿಡಿಭಾಗ ಮಾಡಲು ಹೊರಟವರೇ ಅದನ್ನು ಮರೆಯುತ್ತಾರೆ.

ಈ ಆರ್ಡರ್‌ಗಳ ಗೆಲುವು ಸೋಲು ಬಹುಮಟ್ಟಿಗೆ ಟೆಂಡರ್ ಬರುವ ಒಂದೆರಡು ವರ್ಷ ಮೊದಲೇ ತೀರ್ಮಾನವಾಗಿರುತ್ತದೆ. ಒಳಗೆ ಏನೋ ನಡೆಯುತ್ತದೆ ಅಂತ ಇದರ ಅರ್ಥವಲ್ಲ. ತಯಾರಿಗೆ ಅಷ್ಟು ಸಮಯ ಹಿಡಿಯುತ್ತದೆ, ಅಷ್ಟೇ.

ನಿಮ್ಮ ಗಿರಾಕಿ ಯಾರು?

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಡಿಫೆನ್ಸ್ ಆರ್ಡರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೆಹಲಿಯ ರಕ್ಷಣಾ ಸಚಿವಾಲಯ. ಆದರೆ 20 ಜನ ಕೆಲಸ ಮಾಡುವ ವರ್ಕ್‌ಶಾಪ್‌ನಿಂದ ಸೇನೆ ನೇರವಾಗಿ ಕೊಳ್ಳುವುದು ಕಡಿಮೆ. 2024-25ರಲ್ಲಿ ದೇಶದಲ್ಲಿ 1,50,590 ಕೋಟಿ ರೂಪಾಯಿ ಮೌಲ್ಯದ ರಕ್ಷಣಾ ಉತ್ಪಾದನೆ ಆಯಿತು. ಅದರಲ್ಲಿ ಸುಮಾರು 77 ಪರ್ಸೆಂಟ್ ಸರ್ಕಾರಿ ಕಂಪನಿಗಳದು, 23 ಪರ್ಸೆಂಟ್ ಖಾಸಗಿಯವರದು. ಅಂದರೆ ಬೆಂಗಳೂರಿನ ಸಣ್ಣ ಕಾರ್ಖಾನೆಗೆ ನಿಜವಾದ ಗಿರಾಕಿ ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಡಿಆರ್‌ಡಿಒ ಲ್ಯಾಬ್‌ಗಳು, ಇಲ್ಲವೇ ಅವರಿಗೆ ಮಾಲು ಕೊಡುವ ದೊಡ್ಡ ಖಾಸಗಿ ಕಂಪನಿಗಳು.

ತೇಜಸ್ ವಿಮಾನವನ್ನೇ ನೋಡಿ. ಅದನ್ನು ಜೋಡಿಸಿ ವಾಯುಪಡೆಗೆ ಕೊಡುವುದು ಎಚ್‌ಎಎಲ್. ಆದರೆ ರೆಕ್ಕೆಗಳು ಕೊಯಮತ್ತೂರಿನ ಎಲ್ ಆಂಡ್ ಟಿ ಕಾರ್ಖಾನೆಯಿಂದ ಬರುತ್ತವೆ. ವಿಮಾನದ ನಡುಭಾಗ ಹೈದರಾಬಾದಿನ ವಿಇಎಂ ಟೆಕ್ನಾಲಜೀಸ್‌ನದು. ಹಿಂಭಾಗ ಆಲ್ಫಾ ಟೋಕಾಲ್‌ನದು. ಇವರ ಕೆಳಗೆ ಬ್ರಾಕೆಟ್, ಪಿನ್, ಬುಷ್, ಹೌಸಿಂಗ್ ಮಾಡುವವರು ಇರುತ್ತಾರೆ. ಅವರಿಗೆ ಹೀಟ್ ಟ್ರೀಟ್‌ಮೆಂಟ್, ಆನೊಡೈಸಿಂಗ್ ಮಾಡಿಕೊಡುವವರು ಇನ್ನೊಂದು ಮೆಟ್ಟಿಲು ಕೆಳಗೆ. ನೀವು ಯಾವ ಮೆಟ್ಟಿಲಲ್ಲಿ ನಿಲ್ಲುತ್ತೀರಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಯಾರ ಬಾಗಿಲು ತಟ್ಟಬೇಕು, ಯಾವ ಸರ್ಟಿಫಿಕೇಟ್ ಬೇಕು, ಎಷ್ಟು ದುಡ್ಡು ಕಟ್ಟಿಹಾಕಬೇಕು ಅನ್ನುವುದೆಲ್ಲ ಆಮೇಲೆ ಗೊತ್ತಾಗುತ್ತದೆ.

ಖರೀದಿಯ ನಿಯಮಗಳಲ್ಲೂ ಎರಡು ಪುಸ್ತಕ ಇವೆ. ಯುದ್ಧವಿಮಾನ, ಟ್ಯಾಂಕ್, ರೇಡಾರ್ ಥರದ ದೊಡ್ಡ ಖರೀದಿಗೆ 2020ರ ರಕ್ಷಣಾ ಸ್ವಾಧೀನ ಪ್ರಕ್ರಿಯೆ, ಅಂದರೆ ಡಿಎಪಿ. ಬಿಡಿಭಾಗ, ರಿಪೇರಿ, ದಿನಬಳಕೆಯ ಸಾಮಾನಿಗೆ ರಕ್ಷಣಾ ಖರೀದಿ ಕೈಪಿಡಿ, ಅಂದರೆ ಡಿಪಿಎಂ. 2009ರ ಹಳೇ ಕೈಪಿಡಿಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಹೊಸದು ಬಂದಿದೆ. ಮನೆ ಕಟ್ಟಿಸುವುದಕ್ಕೂ ತಿಂಗಳ ದಿನಸಿ ತರುವುದಕ್ಕೂ ಇರುವ ವ್ಯತ್ಯಾಸ ಇದು. ಎಚ್‌ಎಎಲ್, ಬಿಇಎಲ್‌ಗಳಿಗೆ ಇವೆರಡೂ ಅಲ್ಲದ ತಮ್ಮದೇ ಖರೀದಿ ಕೈಪಿಡಿ ಇದೆ. ಸಣ್ಣವರು ಮೊದಲು ಓದಬೇಕಾದದ್ದು ಅದನ್ನೇ.

ದೊಡ್ಡ ಖರೀದಿಯ ದಾರಿ ಬಹಳ ಉದ್ದ. ಸೇನೆ ಮೊದಲು ಮಾಹಿತಿ ಕೇಳುತ್ತದೆ, ಅದು ಆರ್‌ಎಫ್‌ಐ. ಆಮೇಲೆ ಏನು ಬೇಕು ಎಂದು ಬರೆಯುತ್ತದೆ. ಅಗತ್ಯವಿದೆ ಎಂಬ ಒಪ್ಪಿಗೆ ಸಿಗಬೇಕು, ಅದಕ್ಕೆ ಎಒಎನ್ ಅನ್ನುತ್ತಾರೆ. ನಂತರ ಟೆಂಡರ್, ತಾಂತ್ರಿಕ ಪರಿಶೀಲನೆ, ಮರುಭೂಮಿಯಲ್ಲೋ ಹಿಮದಲ್ಲೋ ಪರೀಕ್ಷೆ. ಇಷ್ಟೆಲ್ಲ ದಾಟಿದ ಮೇಲೆ ಬೆಲೆ ಮಾತುಕತೆಯ ಸಮಿತಿ. ಆ ಸಮಿತಿಯನ್ನು ಚಿಕ್ಕದಾಗಿ ಸಿಎನ್‌ಸಿ ಎಂದು ಕರೆಯುತ್ತಾರೆ. ಪೀಣ್ಯದವರಿಗೆ ಸಿಎನ್‌ಸಿ ಅಂದರೆ ಮೆಷಿನ್ ಅಲ್ವಾ? ಮೊದಲ ಸಲ ಕೇಳಿದಾಗ ನಾನೂ ಯಾವ ಮೆಷಿನ್ ಅಂತಲೇ ಯೋಚಿಸಿದ್ದೆ. ಈ ದಾರಿ ಮುಗಿಯಲು ವರ್ಷಗಳು ಬೇಕು. ಸಣ್ಣವರಿಗೆ ಇದು ಅನುಕೂಲವೇ, ಏಕೆಂದರೆ ಮುಂದೆ ಏನು ಬರುತ್ತದೆ ಎಂದು ದೂರದಿಂದಲೇ ಕಾಣುತ್ತದೆ.

ಮೋಡ ನೋಡಿ ಮಳೆ ಲೆಕ್ಕ ಹಾಕುವುದು

2021ರ ಫೆಬ್ರುವರಿಯಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳ ಒಪ್ಪಂದ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ ಸಹಿ ಬಿತ್ತು, ಮೊತ್ತ 62,370 ಕೋಟಿಗೂ ಜಾಸ್ತಿ. ಅದೇ ವರ್ಷದ ಮಾರ್ಚ್‌ನಲ್ಲಿ 156 ಪ್ರಚಂಡ್ ಹೆಲಿಕಾಪ್ಟರ್‌ಗಳ ಒಪ್ಪಂದ, ಸುಮಾರು 62,700 ಕೋಟಿಯದು. ಈ ಹೆಲಿಕಾಪ್ಟರ್‌ಗಳು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಪೂರೈಕೆ ಮೂರನೇ ವರ್ಷದಿಂದ ಶುರುವಾಗಿ ಐದು ವರ್ಷ ನಡೆಯಬೇಕು ಎಂದು ಸರ್ಕಾರ ಆಗಲೇ ಹೇಳಿತ್ತು.

ಪೇಪರಿನಲ್ಲಿ ಬರುವ ಈ ಸುದ್ದಿಯನ್ನು ವರ್ಕ್‌ಶಾಪ್ ಮಾಲೀಕರು ಕ್ಯಾಲೆಂಡರ್ ಥರ ಓದಬೇಕು. ಮೂರನೇ ವರ್ಷ ಹೆಲಿಕಾಪ್ಟರ್ ಹೊರಬರಬೇಕಾದರೆ ಅದಕ್ಕೂ ಎಷ್ಟೋ ಮೊದಲೇ ಬಿಡಿಭಾಗ ಬಂದು ಬೀಳಬೇಕು. ಬಿಡಿಭಾಗ ಬರಬೇಕಾದರೆ ಮೊದಲ ಸ್ಯಾಂಪಲ್ ಅದಕ್ಕೂ ಮೊದಲೇ ಪಾಸಾಗಿರಬೇಕು. ಹೀಗೆ ಹಿಂದಕ್ಕೆ ಎಣಿಸಿಕೊಂಡು ಬಂದರೆ ವೆಂಡರ್ ನೋಂದಣಿಗೆ ಅರ್ಜಿ ಹಾಕಬೇಕಾದ ದಿನ ಸಹಿ ಬಿದ್ದ ವಾರದ ಆಸುಪಾಸಿಗೇ ಬಂದು ನಿಲ್ಲುತ್ತದೆ.

ಇನ್ನೊಂದು ಸುಳಿವು ದೇಶೀಕರಣದ ಪಟ್ಟಿಗಳು. 2020ರಿಂದ 2023ರವರೆಗೆ ರಕ್ಷಣಾ ಸಚಿವಾಲಯ ಇಂಥ ಐದು ಪಟ್ಟಿ ಹೊರಡಿಸಿತು. ಒಟ್ಟು 509 ವಸ್ತುಗಳು. ನಿಗದಿಯಾದ ಗಡುವು ಮುಗಿದ ಮೇಲೆ ಇವನ್ನು ಹೊರದೇಶದಿಂದ ತರುವಂತಿಲ್ಲ. ಇವು ದೊಡ್ಡ ವಸ್ತುಗಳು. ಸಣ್ಣವರಿಗೆ ಇನ್ನೂ ಉಪಯೋಗದ್ದು ಸರ್ಕಾರಿ ರಕ್ಷಣಾ ಕಂಪನಿಗಳ ಬೇರೆ ಪಟ್ಟಿಗಳು. ಅವುಗಳಲ್ಲಿ ಐದು ಸಾವಿರಕ್ಕೂ ಜಾಸ್ತಿ ಬಿಡಿಭಾಗ, ಉಪಜೋಡಣೆಗಳಿವೆ. 2020ರಲ್ಲಿ ಶುರುವಾದ ಸೃಜನ್ ಪೋರ್ಟಲ್‌ನಲ್ಲಿ ಯಾವ ಕಂಪನಿಗೆ ಯಾವ ಆಮದು ಭಾಗದ ಬದಲಿ ಬೇಕು ಎಂದು ಹುಡುಕಬಹುದು. ಸಂಜೆ ಅರ್ಧ ಗಂಟೆ ಕೂತು ನಿಮ್ಮ ಮೆಷಿನ್‌ಗಳಿಗೆ ಒಗ್ಗುವ ಹತ್ತು ಐಟಂ ಗುರುತು ಮಾಡಿ. ಅಷ್ಟು ಮಾಡಿದವರನ್ನೂ ನಾನು ಕಂಡಿದ್ದು ಕಡಿಮೆ.

ದೊಡ್ಡ ಕಂಪನಿಗಳು ನಿಮ್ಮನ್ನು ಯಾಕೆ ಹುಡುಕುತ್ತವೆ ಅನ್ನುವುದಕ್ಕೂ ಕಾರಣ ಇದೆ. ಡಿಎಪಿಯಲ್ಲಿ ಮೊದಲ ಆದ್ಯತೆ ಇಲ್ಲೇ ವಿನ್ಯಾಸ ಮಾಡಿ, ಇಲ್ಲೇ ಅಭಿವೃದ್ಧಿಪಡಿಸಿ, ಇಲ್ಲೇ ತಯಾರಿಸಿದ ವಸ್ತುವಿಗೆ. ಅದರ ಬೆಲೆಯಲ್ಲಿ ಕನಿಷ್ಠ 50 ಪರ್ಸೆಂಟ್ ದೇಶೀ ಪಾಲು ಇರಬೇಕು. ಈ 50ನ್ನು ಮುಟ್ಟಲು ದೊಡ್ಡವರು ತಮ್ಮ ಬಿಡಿಭಾಗದ ಪಟ್ಟಿ ಹಿಡಿದು ಆಮದು ಸಾಲುಗಳನ್ನು ಒಂದೊಂದಾಗಿ ಅಳಿಸುತ್ತಾ ಬರುತ್ತಾರೆ. "ಈ ಭಾಗ ನಮ್ಮಲ್ಲಿ ಆಗುತ್ತದೆ, ಮೆಟೀರಿಯಲ್ಲೂ ಇಲ್ಲಿಯದೇ, ಲೆಕ್ಕ ಕೊಡುತ್ತೇನೆ" ಅನ್ನುವವರ ಮಾತು ಅವರಿಗೆ ಬೇಕು. ಯಲಹಂಕದ ಏರೋ ಇಂಡಿಯಾಗೆ ಸುಮ್ನೆ ವಿಮಾನ ನೋಡಲು ಹೋಗುವ ಬದಲು ಈ ಒಂದು ಮಾತು ಹೇಳಲು ಹೋದರೂ ಸಾರ್ಥಕ.

ಆರ್‌ಎಫ್‌ಐಗೆ ಉತ್ತರ ಬರೆಯುವುದನ್ನೂ ಸಣ್ಣವರು ತಪ್ಪಿಸಿಕೊಳ್ಳುತ್ತಾರೆ. ದುಡ್ಡು ಬರುವ ಕೆಲಸವಲ್ಲವಲ್ಲ! ಆದರೆ ಷರತ್ತುಗಳು ಇನ್ನೂ ಗಟ್ಟಿಯಾಗದ ಹಂತ ಅದೊಂದೇ. ಬೇಕಿಲ್ಲದ ಕಡೆ ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಕೇಳಿದ್ದರೆ, ಇಲ್ಲಿ ಸಿಗದ ಒಂದು ಲೋಹವನ್ನೇ ಹೆಸರಿಸಿದ್ದರೆ, ಆಗಲೇ ಲಿಖಿತವಾಗಿ ಹೇಳಬಹುದು. ಟೆಂಡರ್ ಬಂದ ಮೇಲೆ ಗೊಣಗಿದರೆ ಕೇಳುವವರಿಲ್ಲ.

ಭಾಗ ಸರಿಯಿತ್ತು, ಕಾಗದ ಸರಿಯಿರಲಿಲ್ಲ

ಇಲ್ಲಿ ನಮ್ಮದೇ ಒಂದು ಪೆಟ್ಟಿನ ಕಥೆ ಹೇಳಬೇಕು. ಒಂದು ದೊಡ್ಡ ಸಂಸ್ಥೆಗೆ ಅಲ್ಯೂಮಿನಿಯಂ ಹೌಸಿಂಗ್ ಮಾಡಿಕೊಟ್ಟಿದ್ದೆವು. ಅಳತೆ ಎಲ್ಲ ಒಳಗೇ ಇತ್ತು. ಅಳತೆ ನೋಡುವ ಸಿಎಂಎಂ ಮೆಷಿನ್‌ನ ರಿಪೋರ್ಟ್ ಚೆನ್ನಾಗಿತ್ತು. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ಕೇಳಿದ್ದು ಕಚ್ಚಾ ಮಾಲಿನ ಟೆಸ್ಟ್ ಸರ್ಟಿಫಿಕೇಟ್. ನಮ್ಮವರು ಒಂದಷ್ಟು ಬಾರ್ ಕಮ್ಮಿ ಬಿತ್ತು ಅಂತ ಪೇಟೆಯ ಅಂಗಡಿಯಿಂದ ತಂದಿದ್ದರು. ಅದರ ಮೇಲೆ ಹೀಟ್ ನಂಬರ್, ಅಂದರೆ ಲೋಹ ಯಾವ ಸಲ ಕರಗಿಸಿದ್ದು ಎಂದು ಹೇಳುವ ಸಂಖ್ಯೆ, ಇರಲಿಲ್ಲ. ಯಾವ ಪೀಸ್ ಯಾವ ಬಾರ್‌ನಿಂದ ಬಂತು ಎಂದು ಹೇಳಲು ಆಗಲಿಲ್ಲ. ಇಡೀ ಲಾಟ್ ರಿಜೆಕ್ಟ್. ಮಾಲೀಕರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರದೇ ಸರಿ. ಹಾರುವ ವಸ್ತುವಿನಲ್ಲಿ ಒಂದು ಭಾಗ ಬಿರುಕು ಬಿಟ್ಟರೆ ಅದೇ ಲೋಹದಿಂದ ಮಾಡಿದ ಉಳಿದ ಭಾಗಗಳು ಯಾವ ವಿಮಾನದಲ್ಲಿವೆ ಎಂದು ಅದೇ ದಿನ ಗೊತ್ತಾಗಬೇಕು. ಅದಕ್ಕೇ ಲೋಹ ಕರಗಿದ ದಿನದಿಂದ ಹಿಡಿದು ಪೇಂಟ್ ಹೊಡೆದ ದಿನದವರೆಗೆ ಕಾಗದದ ಸರಪಳಿ ಬೇಕು. ಅದರಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಭಾಗ ಎಷ್ಟೇ ಚಂದ ಇದ್ದರೂ ಉಪಯೋಗವಿಲ್ಲ.

ಈ ಸರಪಳಿಯನ್ನು ಕಟ್ಟುವುದೇ ನಿಜವಾದ ತಯಾರಿ. ವಿಮಾನದ ಭಾಗಗಳಿಗೆ ಎಎಸ್9100 ಗುಣಮಟ್ಟ ವ್ಯವಸ್ಥೆ ಕೇಳುತ್ತಾರೆ. ಎಲ್ಲ ಗೇಜ್, ಮೈಕ್ರೋಮೀಟರ್‌ಗಳ ಕ್ಯಾಲಿಬ್ರೇಷನ್ ಚಾಲ್ತಿಯಲ್ಲಿರಬೇಕು. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ವೆಲ್ಡಿಂಗ್ ಥರದ ಕೆಲಸಗಳನ್ನು ವಿಶೇಷ ಪ್ರಕ್ರಿಯೆ ಅನ್ನುತ್ತಾರೆ. ಮಾಡಿದ ಮೇಲೆ ಬರೀ ಅಳತೆ ನೋಡಿ ಸರಿಯಾಗಿದೆಯಾ ಎಂದು ಹೇಳಲು ಆಗುವುದಿಲ್ಲ. ಆದ್ದರಿಂದ ಅದನ್ನು ಒಪ್ಪಿಗೆ ಪಡೆದ ಘಟಕದಲ್ಲೇ ಮಾಡಿಸಬೇಕು. ಪಕ್ಕದ ಬೀದಿಯವರು ಅರ್ಧ ರೇಟಿಗೆ ಮಾಡಿಕೊಟ್ಟರೂ ಬೇಡ. ಸೇನಾ ವಿಮಾನಗಳ ಹಾರಾಟ ಯೋಗ್ಯತೆ ನೋಡುವ ಸೆಮಿಲ್ಯಾಕ್ ಇರುವುದು ಬೆಂಗಳೂರಿನಲ್ಲೇ. ತಯಾರಿಕೆಯ ಗುಣಮಟ್ಟ ನೋಡುವುದು ಡಿಜಿಎಕ್ಯೂಎ. ನೆಲದ ಮೇಲಿನ ಸಾಮಗ್ರಿಗೆ ಡಿಜಿಕ್ಯೂಎ. ಎಲೆಕ್ಟ್ರಾನಿಕ್ಸ್ ಮಾಡುವವರಿಗೆ ಜೆಎಸ್ಎಸ್ 55555 ಎಂಬ ಪರೀಕ್ಷಾ ಮಾನದಂಡ ಗೊತ್ತಿರಬೇಕು. ಬಿಸಿ, ಚಳಿ, ತೇವ, ಕುಲುಕಾಟ ಎಲ್ಲದರಲ್ಲೂ ಪೆಟ್ಟಿಗೆ ಬದುಕಬೇಕು.

ಕೊನೆಗೆ ಸರ್ಕಾರಿ ನೋಂದಣಿಗಳು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ರಕ್ಷಣಾ ಇ-ಖರೀದಿ ಪೋರ್ಟಲ್, ಡಿಜಿಟಲ್ ಸಹಿಯ ಟೋಕನ್. ಇವು ಸುಲಭ, ಅದಕ್ಕೇ ಎಲ್ಲರೂ ಅಸಡ್ಡೆ ಮಾಡುತ್ತಾರೆ. ಬಿಡ್ ಹಾಕುವ ಕೊನೆಯ ಮಧ್ಯಾಹ್ನ ಟೋಕನ್ ಅವಧಿ ಮುಗಿದಿದೆ ಎಂದು ಗೊತ್ತಾದವರನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಏನೂ ಮಾಡುವಂತಿರಲಿಲ್ಲ.

ಎಲ್1 ಎಂಬ ಆಸೆ, ಎಲ್1 ಎಂಬ ಬಲೆ

ಬಿಡ್‌ನಲ್ಲಿ ಎರಡು ಲಕೋಟೆ ಇರುತ್ತವೆ. ಈಗ ಎಲ್ಲ ಆನ್‌ಲೈನ್ ಆದರೂ ಲೆಕ್ಕ ಅದೇ. ಮೊದಲು ತಾಂತ್ರಿಕ ಲಕೋಟೆ ತೆರೆಯುತ್ತಾರೆ. ಅದರಲ್ಲಿ ಪಾಸಾದವರ ಬೆಲೆ ಲಕೋಟೆ ಮಾತ್ರ ಆಮೇಲೆ ತೆರೆಯುತ್ತದೆ. ಅವರಲ್ಲಿ ಕಡಿಮೆ ಬೆಲೆ ಹೇಳಿದವರು ಎಲ್1. ಬೆಲೆ ಮಾತುಕತೆ ಇದ್ದರೂ ಸಾಮಾನ್ಯವಾಗಿ ಅವರ ಜೊತೆ ಮಾತ್ರ.

ತಾಂತ್ರಿಕ ಲಕೋಟೆಯಲ್ಲಿ ಬೀಳುವವರು ಹೆಚ್ಚಾಗಿ ಕೆಲಸ ಬಾರದೆ ಬೀಳುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬೀಳುತ್ತಾರೆ. ಟೆಂಡರ್‌ನ ಪ್ರತಿ ಷರತ್ತಿಗೂ ಒಂದು ಸಾಲು ಬರೆದು, ಒಪ್ಪಿದೆಯೋ ಇಲ್ಲವೋ, ಅದರ ಆಧಾರ ನಿಮ್ಮ ದಾಖಲೆಯ ಯಾವ ಪುಟದಲ್ಲಿದೆ ಎಂದು ಹಾಕಿ. ಪರಿಶೀಲಿಸುವ ಅಧಿಕಾರಿಯೂ ಮನುಷ್ಯರೇ. ಅವರ ಮೇಜಿನ ಮೇಲೆ ಹತ್ತು ಬಿಡ್ ಇರುತ್ತವೆ. ಹುಡುಕಿಸಿದರೆ ಅವರಿಗೆ ಸಿಗದಿರಬಹುದು. ಬಿಡ್‌ಗೆ ಮುಂಚಿನ ಸಭೆಗೆ ತಪ್ಪದೆ ಹೋಗಿ. ಅನುಮಾನಗಳನ್ನು ಬರವಣಿಗೆಯಲ್ಲೇ ಕೇಳಿ. ತಿದ್ದುಪಡಿ ಬಂದಿದೆಯಾ ಎಂದು ಕೊನೆಯ ದಿನದವರೆಗೆ ನೋಡುತ್ತಿರಿ.

ಬೆಲೆಯಲ್ಲಿ ಸಣ್ಣ ಉದ್ಯಮಗಳಿಗೆ ಒಂದು ಆಸರೆ ಇದೆ. 2012ರ ಖರೀದಿ ನೀತಿಯ ಪ್ರಕಾರ ಸರ್ಕಾರಿ ಕಂಪನಿಗಳು ತಮ್ಮ ಖರೀದಿಯಲ್ಲಿ 25 ಪರ್ಸೆಂಟ್ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಇದರಲ್ಲಿ 4 ಪರ್ಸೆಂಟ್ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ, 3 ಪರ್ಸೆಂಟ್ ಮಹಿಳಾ ಉದ್ಯಮಿಗಳಿಗೆ. ಇಎಂಡಿ ಅಂದರೆ ಮುಂಗಡ ಠೇವಣಿಯಿಂದಲೂ ವಿನಾಯಿತಿ. ಎಲ್ಲಕ್ಕಿಂತ ಮುಖ್ಯ ಎಲ್1ಗಿಂತ 15 ಪರ್ಸೆಂಟ್ ಮೇಲಿನವರೆಗಿನ ಮಿತಿ.

ಅದು ಹೀಗೆ. ಲೆಕ್ಕಕ್ಕೆಂದು ಒಂದು ಪೀಸ್‌ಗೆ ದೊಡ್ಡ ಕಂಪನಿಯೊಂದು 1,000 ರೂಪಾಯಿ ಹೇಳಿ ಎಲ್1 ಆಯಿತು ಅಂದುಕೊಳ್ಳಿ. ನೀವು 1,120 ಹೇಳಿದ್ದೀರಿ. ನೀವು 1,150ರ ಒಳಗಿದ್ದೀರಿ, ಆದ್ದರಿಂದ ನಿಮ್ಮನ್ನು ಕರೆದು ಕೇಳುತ್ತಾರೆ, 1,000ಕ್ಕೆ ಕೊಡುತ್ತೀರಾ? ಹೂಂ ಅಂದರೆ ಒಟ್ಟು ಆರ್ಡರ್‌ನ ಕಾಲು ಭಾಗದಷ್ಟು ನಿಮ್ಮ ಕಡೆಗೆ ಬರಬಹುದು. 1,160 ಹೇಳಿದವರು ಹತ್ತು ರೂಪಾಯಿಗೆ ಹೊರಗೆ. ಎಲ್1 ಆದವರೇ ಸಣ್ಣ ಉದ್ಯಮವಾಗಿದ್ದರೆ ಈ ಅವಕಾಶ ಇಲ್ಲ.

ಆದರೆ ಹೂಂ ಅನ್ನುವ ಮೊದಲು 1,000ಕ್ಕೆ ನಿಮಗೆ ಗಿಟ್ಟುತ್ತದಾ ಎಂದು ಗೊತ್ತಿರಬೇಕು. ಅದನ್ನು ಆ ಫೋನ್ ಬಂದಾಗ ಲೆಕ್ಕ ಹಾಕಬಾರದು. ಬಿಡ್ ಹಾಕುವ ಮೊದಲೇ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಸಂಖ್ಯೆಯನ್ನು ಬರೆದು ಬೀರುವಿನಲ್ಲಿ ಇಡಿ. ಮೆಷಿನ್ ಗಂಟೆ, ಮೆಟೀರಿಯಲ್, ಟೂಲ್ ಮಾತ್ರ ಕೂಡಿಸಿದರೆ ಸಾಲದು. ಪೀಸ್ ಹಿಡಿದಿಡುವ ಫಿಕ್ಸ್ಚರ್, ಮೊದಲ ಸ್ಯಾಂಪಲ್‌ನಲ್ಲಿ ಹಾಳಾಗುವ ಪೀಸ್‌ಗಳು, ಹೊರಗಿನ ಲ್ಯಾಬ್ ಪರೀಕ್ಷೆ, ಇನ್‌ಸ್ಪೆಕ್ಷನ್‌ಗೆ ಕಾಯುವ ದಿನಗಳು, ಬ್ಯಾಂಕ್ ಗ್ಯಾರಂಟಿಯ ಕಮಿಷನ್ ಎಲ್ಲ ಸೇರಬೇಕು.

ಜೊತೆಗೆ ಬಡ್ಡಿ. ಕಾಲ್ಪನಿಕವಾಗಿ 40 ಲಕ್ಷದ ಆರ್ಡರ್ ಅನ್ನಿ. 14 ಲಕ್ಷದ ಮೆಟೀರಿಯಲ್ ಮೊದಲ ತಿಂಗಳೇ ಕೊಳ್ಳಬೇಕು. ಸ್ಯಾಂಪಲ್ ಮೂರನೇ ತಿಂಗಳು, ಅದಕ್ಕೆ ಒಪ್ಪಿಗೆ ನಾಲ್ಕನೇ ತಿಂಗಳು, ಮಾಲು ತಯಾರಾಗುವುದು ಆರನೇ ತಿಂಗಳು, ದುಡ್ಡು ಕೈಗೆ ಬರುವುದು ಒಂಬತ್ತಕ್ಕೆ. ಎಂಟು ತಿಂಗಳಿಗೆ 11 ಪರ್ಸೆಂಟ್ ಬಡ್ಡಿ ಹಾಕಿದರೆ ಬರೀ ಮೆಟೀರಿಯಲ್ ಮೇಲೆ ಸುಮಾರು ಒಂದು ಲಕ್ಷ ಹೋಯಿತು. ತಡವಾದರೆ ದಂಡ ಬೇರೆ. ಹಲವು ಕರಾರುಗಳಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್, ಹೆಚ್ಚೆಂದರೆ 10 ಪರ್ಸೆಂಟ್. ಈ 40 ಲಕ್ಷಕ್ಕೆ ಅದು ವಾರಕ್ಕೆ 20,000.

2006ರ ಎಂಎಸ್ಎಂಇ ಕಾಯ್ದೆ 45 ದಿನದಲ್ಲಿ ದುಡ್ಡು ಕೊಡಬೇಕು ಅನ್ನುತ್ತದೆ ನಿಜ. ಆದರೆ ದಿನ ಎಣಿಸುವುದು ಮಾಲು ಸ್ವೀಕಾರವಾದ ಮೇಲೆ. ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ತಕರಾರು ಬರದಿದ್ದರೆ ಸ್ವೀಕರಿಸಿದಂತೆ ಎಂದು ಅದೇ ಕಾಯ್ದೆ ಹೇಳುತ್ತದೆ. ಈ ಕಲಂ ಗೊತ್ತಿರುವ ಮಾಲೀಕರು ಮಾಲು ತಲುಪಿದ ದಿನದ ಸಹಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಟ್ರೆಡ್ಸ್ ವೇದಿಕೆಯಲ್ಲಿ ಬಿಲ್ ಹಾಕಿ ಬೇಗ ದುಡ್ಡು ಎತ್ತಿಕೊಳ್ಳುವ ದಾರಿಯೂ ಇದೆ.

ಆದ್ದರಿಂದ ಬಿಡ್ ಹಾಕುವುದೋ ಬೇಡವೋ ಅನ್ನುವ ತೀರ್ಮಾನವೇ ಅರ್ಧ ಯೋಜನೆ. ಹತ್ತು ಟೆಂಡರ್‌ಗೆ ಹಾಕಿ ಒಂದಾದರೂ ಬರಲಿ ಅನ್ನುವವರಿಗೆ ಕೆಲವು ಸಲ ನಿಜವಾಗಿಯೂ ಒಂದು ಬರುತ್ತದೆ, ಅದೂ ಬರಬಾರದ್ದೇ ಬರುತ್ತದೆ. ಮೆಷಿನ್ ನಮ್ಮಲ್ಲಿ ಇದೆಯಾ, ಮೆಟೀರಿಯಲ್ ಎಲ್ಲಿಂದ, ವಿಶೇಷ ಪ್ರಕ್ರಿಯೆ ಯಾರು ಮಾಡಿಕೊಡುತ್ತಾರೆ, ಒಂಬತ್ತು ತಿಂಗಳು ದುಡ್ಡು ಇಲ್ಲದೆ ಸಂಬಳ ಕೊಡಬಹುದಾ? ಒಂದಕ್ಕೆ ಉತ್ತರ ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಇಲ್ಲಿ ಹಾಸಿಗೆ ಅಂದರೆ ಬ್ಯಾಂಕಿನ ಓವರ್‌ಡ್ರಾಫ್ಟ್.

ಹೊಸ ವಸ್ತುವನ್ನೇ ಕಂಡುಹಿಡಿಯುವವರಿಗೆ ಬೇರೆ ಬಾಗಿಲಿದೆ. 2018ರಲ್ಲಿ ಶುರುವಾದ ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯಲ್ಲಿ ಸೇನೆಗಳು ತಮ್ಮ ಸಮಸ್ಯೆ ಮುಂದಿಡುತ್ತವೆ. ಆಯ್ಕೆಯಾದ ಸ್ಟಾರ್ಟಪ್‌ಗೆ 1.5 ಕೋಟಿವರೆಗೆ ಅನುದಾನ, ಪ್ರೈಮ್ ವಿಭಾಗದಲ್ಲಿ 10 ಕೋಟಿ, 2024ರ ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿ 50 ಕೋಟಿವರೆಗಿನ ಯೋಜನೆಗೆ ಖರ್ಚಿನ 90 ಪರ್ಸೆಂಟ್ ತನಕ ಕೊಡುತ್ತದೆ. ಇವು ವಿನ್ಯಾಸದ ತಲೆ ಇರುವವರಿಗೆ. ಡ್ರಾಯಿಂಗ್ ಕೊಟ್ಟರೆ ಮಾಡಿಕೊಡುವ ವರ್ಕ್‌ಶಾಪ್ ಇದರ ಹಿಂದೆ ಓಡಿದರೆ ಎರಡೂ ಕೆಟ್ಟೀತು.

"ನನಗೆ ಒಳಗೆಲ್ಲ ಗೊತ್ತು" ಅನ್ನುವವರು ಸಿಕ್ಕೇ ಸಿಗುತ್ತಾರೆ. ಟೀ ಕುಡಿಸಿ ಕಳಿಸಿ. ದೊಡ್ಡ ಖರೀದಿಗಳಲ್ಲಿ ಲಂಚ, ದಲ್ಲಾಳಿ ಇಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಮುರಿದರೆ ಆರ್ಡರ್ ಹೋಗುವುದಲ್ಲದೆ ಕಪ್ಪುಪಟ್ಟಿಗೆ ಸೇರಬಹುದು. ಹಾಗೆಯೇ ಡ್ರಾಯಿಂಗ್‌ಗಳ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಆಪರೇಟರ್‌ಗೆ ಕಳಿಸುವ ಅಭ್ಯಾಸ ಇವತ್ತೇ ಬಿಡಿ.

ಮೊದಲ ಮೂರ್ನಾಲ್ಕು ಬಿಡ್ ಸೋಲುತ್ತೀರಿ. ಸೋತ ಮೇಲೆ ಬಹಳ ಜನ ಪೋರ್ಟಲ್ ಮುಚ್ಚಿ ಎದ್ದುಬಿಡುತ್ತಾರೆ. ಬೆಲೆ ತೆರೆದ ಮೇಲೆ ಭಾಗವಹಿಸಿದವರ ದರಗಳ ಹೋಲಿಕೆ ಪೋರ್ಟಲ್‌ನಲ್ಲಿ ಕಾಣುತ್ತದೆ. ಅದನ್ನು ಪ್ರಿಂಟ್ ತೆಗೆದುಕೊಳ್ಳಿ. ತಾಂತ್ರಿಕವಾಗಿ ಬಿದ್ದಿದ್ದರೆ ಕಾರಣ ಕೇಳಿ ಪತ್ರ ಬರೆಯಿರಿ. ಪೀಣ್ಯದಲ್ಲಿ ನನಗೆ ಗೊತ್ತಿದ್ದ ಹಿರಿಯ ಮಾಲೀಕರೊಬ್ಬರು ಇದಕ್ಕೆಂದೇ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದರು. ಯಾವ ಭಾಗ, ಯಾರು ಎಷ್ಟು ಹೇಳಿದರು, ತಮ್ಮದು ಎಷ್ಟಿತ್ತು, ಯಾವ ಕಾಗದಕ್ಕೆ ತಕರಾರು ಬಂತು. ಹೊಸ ಟೆಂಡರ್ ಬಂದರೆ ಡ್ರಾಯಿಂಗ್ ತೆರೆಯುವ ಮೊದಲು ಆ ಪುಸ್ತಕ ತೆರೆಯುತ್ತಿದ್ದರು.